ಕಣದಲ್ಲಿ ಎತ್ತಿದ ತೊಗರಿಯಿಂದ ಹೈಸ್ಕೂಲಿನ ಟಂಟಂ

ನಾನು ಮಾಸ್ತರನಾಗಿರುವ, ಕಲಬುರಗಿ ಜಿಲ್ಲೆಯ ನಮ್ಮೂರಿನ ಶಾಲೆ ಎಂಟನೆಯ ತರಗತಿಗೆ ಮುಗಿಯುತ್ತದೆ. ಹೈಸ್ಕೂಲು ಸುಮಾರು 7 ಕಿಲೋಮೀಟರ್ ದೂರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಟಿಕೆಟಿನ ಚಿಂತೆ ತಪ್ಪಿತಾದರೂ ಶಾಲೆ ಬಿಡುವ ಹೊತ್ತಿಗೆ ಊರ ಕಡೆ ಬಸ್ಸೇ ಇರಲಿಲ್ಲವಾದ್ದರಿಂದ, ಕೂಲಿಕಾರರ ಹೆಣ್ಣುಮಕ್ಕಳು ಹತ್ತಿ ಬಿಡಿಸುವ ಹೊಲಗಳಿಗೇ ಹೋಗುತ್ತಿದ್ದರು.

ಅವರು ಹೈಸ್ಕೂಲಿಗೆ ಹೋಗಿಬರಲು ಟಂಟಂ (ಬಾಡಿಗೆ ಆಟೊ) ಗೊತ್ತುಮಾಡುವ ದುಡ್ಡಿಗಾಗಿ ನಾನು ಮೊದಲು ಮಾಡಿದ್ದೆಲ್ಲವೂ ಸೋತಿತು. ಸಹಾಯಾರ್ಥ ನಾಟಕ ಆಡಿಸಿದೆವು. ಶಾಮಿಯಾನ, ಮೈಕು, ಊಟದ ಖರ್ಚು ಕಳೆದು ಕೈಯಲ್ಲಿ ಉಳಿದದ್ದು ಸುಮಾರು 1,800 ರೂಪಾಯಿ. ಒಂದು ಕಂಪನಿಯವರು ಬ್ಯಾಗು ಹಂಚಿ ಫೋಟೊ ತೆಗೆಸಿಕೊಂಡು ಹೋದರು, ವಾಹನದ ಬಾಡಿಗೆಗೆ ಒಪ್ಪಲಿಲ್ಲ. ಹಳೆಯ ಸೈಕಲ್ಲುಗಳನ್ನೂ ರಿಪೇರಿ ಮಾಡಿಸಿ ಕೊಟ್ಟು ನೋಡಿದೆ. ಜಾಲಿಮುಳ್ಳಿನ ದಾರಿಯಲ್ಲಿ ವಾರಕ್ಕೆ ಎರಡು ಸಲ ಪಂಕ್ಚರ್.

ಕಣದಲ್ಲಿ ಬಡಿಗ, ಕಮ್ಮಾರರಂಥ ಆಯಗಾರರಿಗೆ ಕಾಳು ಕೊಡುವ ರೂಢಿ ನಮ್ಮಲ್ಲಿ ಹಳೆಯದು. ಅದೇ ರೀತಿ ಹುಡುಗಿಯರ ಪಾಲನ್ನೂ ಕೇಳೋಣವೆಂದಾಗ ಸಹೋದ್ಯೋಗಿಗಳು, "ಮಾಸ್ತರು ಚೀಲ ಹಿಡಕೊಂಡು ತಿರುಗೋದು ಚಂದ ಕಾಣೂದಿಲ್ರೀ" ಎಂದರು. ನಾನು ತಿರುಗಿದೆ. ಮೊದಲ ವರ್ಷ ಹಸಿ ಕಾಳು, ಒಣ ಕಾಳು ಒಂದೇ ಚೀಲಕ್ಕೆ ಸುರಿದು ಮಾರುಕಟ್ಟೆಗೆ ಒಯ್ದದ್ದರಿಂದ ದರ ಕಡಿದರು. ಅಡತಿ (ದಲಾಲಿ), ಹಮಾಲಿ ಹೋಗಿ ಕ್ವಿಂಟಲಿಗೆ ಸಾವಿರದಷ್ಟು ನಷ್ಟವಾಯಿತು. ಆಮೇಲೆ ಶಾಲೆಯ ಮಾಳಿಗೆಯ ಮೇಲೆ ಮೂರು ದಿನ ಒಣಗಿಸಿ, ಜರಡಿ ಹಿಡಿದೇ ಒಯ್ಯತೊಡಗಿದೆ.

ಎರಡನೆಯ ವರ್ಷ, 2024ರ ಜನವರಿಯಲ್ಲಿ, ಬರದ ನಡುವೆಯೂ ಮೂರು ಊರುಗಳ 200ರಷ್ಟು ಮನೆಗಳಿಂದ 9 ಕ್ವಿಂಟಲ್ ತೊಗರಿ ಕೂಡಿತು. ಆಗಿನ ಬೆಂಬಲ ಬೆಲೆ ಕ್ವಿಂಟಲಿಗೆ 7,000 ರೂಪಾಯಿ. ನಮಗೆ ಪೇಟೆಯಲ್ಲಿ 9,000ದ ಆಸುಪಾಸು ಸಿಕ್ಕಿತು. ತಿಂಗಳಿಗೆ 7,000ದಂತೆ ಹತ್ತು ತಿಂಗಳು ಟಂಟಂ ಗೊತ್ತುಮಾಡಿದೆ. ಮಿಕ್ಕದ್ದು ಪರೀಕ್ಷಾ ಶುಲ್ಕಕ್ಕೆ ಆಯಿತು. ಯಾರ ಕಣಕ್ಕೆ ಮೊದಲು ಹೋಗಬೇಕೆಂಬುದರಲ್ಲಿಯೇ ಅರ್ಧ ಗೆಲುವಿದೆ. ಆ ಲೆಕ್ಕವನ್ನು ಮಾತ್ರ ನಾನು ಬರೆದು ಹೇಳಲಾರೆ. ದುಡ್ಡಿನ ಲೆಕ್ಕದ ಹಾಳೆಯನ್ನು ಹನುಮಂತ ದೇವರ ಗುಡಿಯ ಗೋಡೆಗೆ ಪ್ರತಿ ತಿಂಗಳೂ ಅಂಟಿಸಿದೆ.

ಒಂದು ಕಣದಲ್ಲಿ, ರಾಶಿ ಮಷೀನಿನ ಹೊಟ್ಟು ಮೈಗೆಲ್ಲ ಹತ್ತಿದ್ದ ಕೂಲಿಯ ಹೆಣ್ಣುಮಗಳೊಬ್ಬಳು ತನ್ನ ಕೂಲಿಯ ಕಾಳಿನಿಂದಲೇ ಒಂದು ಮೊರ ತೆಗೆದು ನಮ್ಮ ಚೀಲಕ್ಕೆ ಸುರಿದು, "ಇದು ನಮ್ಮ ಹುಡುಗಿ ಪಾಲಿಂದ್ರೀ ಸರ್" ಎಂದಳು. ಅವಳ ಮಗಳು ಜೂನ್‌ನಲ್ಲಿ ಟಂಟಂ ಹತ್ತಿದಳು. ಆ ವರ್ಷ ಹತ್ತಿದ 14 ಹುಡುಗಿಯರಲ್ಲಿ ಹತ್ತಿ ಬಿಡಿಸುವ ಕಾಲ ಮುಗಿದ ಮೇಲೂ 13 ಮಂದಿ ಹಾಜರಿ ಪುಸ್ತಕದಲ್ಲಿದ್ದರು.