ಹೊಂಡದ ತಳದ ಕೆಸರು ನೋಡಿ ಸಾವಯವ ಸಿಗಡಿಗೆ ಬಂದೆ

ಸಿಗಡಿ ಹಿಡಿದು ಮುಗಿದ ಮೇಲೆ ನಾನು ಮೊದಲು ನೋಡುವುದು ಹೊಂಡದ ತಳವನ್ನು. ಶುರುವಿನ ವರ್ಷಗಳಲ್ಲಿ ನೀರು ಖಾಲಿಯಾದ ಕೂಡಲೇ ಕೊಳೆತ ಮೊಟ್ಟೆಯ ವಾಸನೆ ಬರುತ್ತಿತ್ತು. ಕಾಲಿಟ್ಟರೆ ಕಪ್ಪು ಕೆಸರು. ಚದರ ಮೀಟರಿಗೆ 50 ವನ್ನಾಮಿ ತಳಿಯ ಸಿಗಡಿ ಮರಿ, ದಿನಕ್ಕೆ ನಾಲ್ಕು ಸಲ ಫೀಡ್, ಹಗಲೂ ರಾತ್ರಿ ನೀರಿಗೆ ಗಾಳಿ ಬೆರೆಸುವ ಏರಿಯೇಟರ್. ಇಳುವರಿಯೇನೋ ಚೆನ್ನಾಗಿತ್ತು. ಆದರೆ ಆ ಕೆಸರು ನೀರನ್ನು ಕಾಲುವೆಗೆ ಬಿಟ್ಟು, ಮುಂದಿನ ಬೆಳೆಗೆ ಅದೇ ಕಾಲುವೆಯಿಂದ ನೀರು ಎತ್ತುತ್ತಿದ್ದೆ. ರೋಗ ಬರದೆ ಇರುತ್ತದಾ?

ಫೀಡಿನಲ್ಲಿರುವ ಸಾರಜನಕದಲ್ಲಿ ಸಿಗಡಿಯ ಮೈಗೆ ಹತ್ತುವುದು ಸುಮಾರು ಕಾಲು ಭಾಗ ಅಷ್ಟೇ. ಉಳಿದದ್ದರಲ್ಲಿ ಹೆಚ್ಚಿನದು ಅಮೋನಿಯಾ ಆಗಿ ನೀರಿಗೆ ಸೇರುತ್ತದೆ, ಇಲ್ಲವೇ ತಳದಲ್ಲಿ ಕೂರುತ್ತದೆ. ಇದು ತಿಳಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಒಂದು ಹೊಂಡವನ್ನು ಸಾವಯವಕ್ಕೆ ಬದಲಿಸಿದೆ. ಮರಿ 15ಕ್ಕೆ ಇಳಿಸಿದೆ. ಆಂಟಿಬಯಾಟಿಕ್ ಇಲ್ಲ, ರಸಗೊಬ್ಬರ ಇಲ್ಲ. ಬೇಡದ ಮೀನು ಸಾಯಿಸಲು ಚಹಾ ಬೀಜದ ಹಿಂಡಿ. ಮರಿ ಬಿಡುವ ಮೊದಲು ತೌಡು ಹುಳಿಸಿ ಹಾಕಿ, ನೀರಿನಲ್ಲೇ ಪ್ಲಾಂಕ್ಟನ್, ಅಂದರೆ ಸಿಗಡಿಗೆ ಆಹಾರವಾಗುವ ಸೂಕ್ಷ್ಮ ಪಾಚಿ, ಜೀವಿಗಳನ್ನು ಬೆಳೆಸಿದೆ. ಅದು ಎಷ್ಟು ದಟ್ಟವಾಗಿದೆ ಎಂದು ನೋಡಲು ಕಪ್ಪು ಬಿಳುಪು ತಟ್ಟೆಯನ್ನು ನೀರಿಗೆ ಇಳಿಸಿದರೆ 30–40 ಸೆಂ.ಮೀ. ಆಳದಲ್ಲಿ ತಟ್ಟೆ ಮರೆಯಾಗಬೇಕು.

ಮೊದಲ ಬೆಳೆಯಲ್ಲಿ ಎಡವಿದೆ. ತೌಡು ಜಾಸ್ತಿ ಹಾಕಿಬಿಟ್ಟೆ. ಪಾಚಿ ದಟ್ಟವಾಗಿ ಬೆಳೆದು ಒಮ್ಮೆಲೇ ಸತ್ತಿತು. ಬೆಳಗಿನ ಜಾವ ನೋಡಿದರೆ ಸಿಗಡಿ ದಡಕ್ಕೆ ಬಂದು ಮೇಲೆ ತೇಲುತ್ತಿದ್ದವು. ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಕೂಡ ಇರಲಿಲ್ಲ. ಸಾವಯವ ಅಂದ ಮಾತ್ರಕ್ಕೆ ಹಾಕಿದ್ದೆಲ್ಲ ನೀರಿಗೆ ಒಳ್ಳೆಯದಲ್ಲ. ತೌಡೂ ಕೊಳೆಯುತ್ತದೆ ಅಲ್ವಾ. ಆಮೇಲೆ ಚೆಕ್ ಟ್ರೇ (ಸಿಗಡಿ ಎಷ್ಟು ತಿಂದಿವೆ ಎಂದು ತಿಳಿಯಲು ನೀರಿಗಿಳಿಸುವ ತಟ್ಟೆ) ನೋಡದೆ ಒಂದು ಹಿಡಿ ಫೀಡ್ ಕೂಡ ಹಾಕಿಲ್ಲ.

ಎರಡನೇ ಬೆಳೆಯ ಹೊತ್ತಿಗೆ ತಳದ ಮಣ್ಣು ಕಂದು ಬಣ್ಣಕ್ಕೆ ತಿರುಗಿತ್ತು, ವಾಸನೆ ಇರಲಿಲ್ಲ. ಏರಿಯೇಟರ್ ಓಡಿದ್ದು ಕಡಿಮೆ, ವಿದ್ಯುತ್ತೂ ಕಡಿಮೆ.

ಆದರೆ ಒಂದು ಮಾತು ಮುಚ್ಚಿಡಲಾರೆ. ಅಷ್ಟೇ ಸಿಗಡಿ ಬೆಳೆಯಲು ಸಾವಯವಕ್ಕೆ ಜಾಸ್ತಿ ಜಾಗ ಬೇಕು. ಆ ಜಾಗಕ್ಕಾಗಿ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಕಡಿದರೆ ಮಾಡಿದ್ದೆಲ್ಲ ವ್ಯರ್ಥ. ಕಾಂಡ್ಲಾ ಬೇರಿನ ಕೆಳಗಿನ ಕೆಸರಿನಲ್ಲಿ ನೂರಾರು ವರ್ಷದ ಇಂಗಾಲ ಕೂತಿರುತ್ತದೆ, ಮೀನಿನ ಮರಿಗಳು ಬೆಳೆಯುವುದೂ ಅಲ್ಲೇ. ಅದಕ್ಕೇ ಹೊಸ ಹೊಂಡ ತೋಡಲಿಲ್ಲ, ದಂಡೆಯುದ್ದಕ್ಕೂ ಕಾಂಡ್ಲಾ ನೆಟ್ಟೆ.

ಇನ್ನೊಂದು ಹೊಂಡದಲ್ಲಿ ಈಗಲೂ ಹಳೆಯ ರೀತಿಯಲ್ಲೇ ಬೆಳೆಯುತ್ತೇನೆ, ಮರಿ ಮಾತ್ರ ಚದರ ಮೀಟರಿಗೆ 30. ಎರಡರ ನೀರೂ ಮೊದಲು ಕೆಸರು ತಂಗುವ ಹೊಂಡಕ್ಕೆ ಹೋಗುತ್ತದೆ. ಅಲ್ಲಿ ತಿಳಿಯಾಗಿ, ಕಿಟ್‌ನಲ್ಲಿ ಅಮೋನಿಯಾ ನೋಡಿದ ಮೇಲೆಯೇ ತೂಬು ಎತ್ತುತ್ತೇನೆ.