ಮಕ್ಕಳನ್ನು ಆಟಕ್ಕೆ ಕರೆದೊಯ್ಯುವವರಿಗೆ

ರಜೆಯಲ್ಲಿ ಹೊನ್ನಾವರ, ಕುಮಟಾ ಕಡೆ ಮಕ್ಕಳ ಜೊತೆ ಯಕ್ಷಗಾನ ನೋಡಲು ಹೊರಟಿದ್ದರೆ ಮೊದಲು ಕರಪತ್ರ ಸರಿಯಾಗಿ ಓದಿ. ‘ತಾಳಮದ್ದಳೆ’ ಎಂದಿದ್ದರೆ ವೇಷವೂ ಇಲ್ಲ, ಕುಣಿತವೂ ಇಲ್ಲ. ಹಾಡು, ಮಾತು ಅಷ್ಟೇ. ಸಣ್ಣವರು ಹತ್ತೇ ನಿಮಿಷಕ್ಕೆ ಆಕಳಿಸುತ್ತಾರೆ. ‘ಕಾಲಮಿತಿ’ ಆಟ ಮೂರ್ನಾಲ್ಕು ತಾಸಿನಲ್ಲಿ ಮುಗಿಯುತ್ತದೆ, ಮೊದಲ ಸಲಕ್ಕೆ ಅದೇ ಸಾಕು. ಅಭಿಮನ್ಯು, ಬಬ್ರುವಾಹನನಂಥ ಪುಂಡುವೇಷದ (ಹದಿಹರೆಯದ ವೀರರ ಪಾತ್ರದ) ಪ್ರಸಂಗ ಸಿಕ್ಕರೆ ಬಿಡಬೇಡಿ, ಕುಣಿತ ಜೋರಿರುತ್ತದೆ.

ತೀರಾ ಮುಂದೆ ಕೂರುವುದು ಬೇಡ. ಚಂಡೆಯ ಪೆಟ್ಟಿಗೆ ಸ್ಪೀಕರಿನ ಅಬ್ಬರವೂ ಸೇರಿ ಎಳೆ ಕಿವಿಗೆ ಕಷ್ಟ. ನಾಲ್ಕೈದು ಸಾಲು ಹಿಂದೆ, ಸ್ಪೀಕರಿನಿಂದ ದೂರ, ಅಂಚಿನ ಕುರ್ಚಿ ಹಿಡಿಯಿರಿ; ಮಧ್ಯೆ ಎದ್ದುಹೋಗಲೂ ಸುಲಭ.

ಒಂದೂವರೆ ತಾಸು ಮೊದಲೇ ಹೋದರೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಕೋಣೆಯಲ್ಲಿ, ಬಣ್ಣ ಹಚ್ಚುವುದು, ತಲೆಗೆ ಅಟ್ಟೆ ಸುತ್ತಿ ಕೇದಗೆ ಮುಂದಲೆ ಎಂಬ ಮುಂಡಾಸು ಕಟ್ಟುವುದು ನೋಡಬಹುದು. (ಎಷ್ಟೋ ಮಕ್ಕಳಿಗೆ ಆಟಕ್ಕಿಂತ ಇದೇ ಇಷ್ಟ.) ಕೇಳಿಯೇ ಒಳಹೋಗಿ, ಚಪ್ಪಲಿ ಹೊರಗಿಡಿ, ಕಿರೀಟ ಮುಟ್ಟಲು ಬಿಡಬೇಡಿ.

ಬಯಲಾಟವಾದರೆ ಚಾಪೆ, ತೆಳು ಹೊದಿಕೆ, ಸೊಳ್ಳೆಗೆ ಹಚ್ಚುವ ಕ್ರೀಮು, ಟಾರ್ಚು, ಒಂದು ಬಾಟಲಿ ಮುರುಗಲು ಪಾನಕ ಇರಲಿ. ಮೇ ತಿಂಗಳಲ್ಲಿ ಸಂಜೆ ಗುಡುಗು ಮಳೆ ಬಂದರೆ ಆಟವೇ ನಿಲ್ಲಬಹುದು, ಹೊರಡುವ ಮುನ್ನ ಸಂಘಟಕರಿಗೊಂದು ಫೋನು ಮಾಡಿ. ನಡುರಾತ್ರಿ ಹಳ್ಳಿಯಿಂದ ಬಸ್ಸು ನೆಚ್ಚಿಕೊಳ್ಳಬೇಡಿ. ವಾಪಸಿಗೆ ರಿಕ್ಷಾ ಮೊದಲೇ ಗೊತ್ತುಮಾಡಿಕೊಳ್ಳಿ.