ಮೊದಲು ಜಾಗ ಹುಡುಕಿ, ಆಮೇಲೆ ಡ್ರಿಲ್ ಹಿಡೀರಿ: ಮನೆಯೊಳಗೆ ವೈಫೈ ಆಕ್ಸೆಸ್ ಪಾಯಿಂಟ್ ಕೂರಿಸೋದು ಹೇಗೆ

ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ ಇಂಟರ್ನೆಟ್ಟಿನ ಫೈಬರ್ ಡಬ್ಬಿ ಇರೋದು ಬಾಗಿಲ ಪಕ್ಕ, ಚಪ್ಪಲಿ ಸ್ಟ್ಯಾಂಡ್ ಮೇಲೆ. ಕೇಬಲ್ ಎಳೆಯೋಕೆ ಬಂದವರಿಗೆ ಅಲ್ಲೇ ಹತ್ತಿರ ಆಯ್ತು, ಅಲ್ಲೇ ಇಟ್ಟು ಹೋದ್ರು. ಮಗಳು ಓದೋ ರೂಮು ಮನೆಯ ಆ ತುದಿಗೆ, ನಡುವೆ ಅಡುಗೆಮನೆ ಫ್ರಿಜ್ಜು, ಬಾತ್‌ರೂಮಿನ ಟೈಲ್ಸ್ ಗೋಡೆ. ಅಲ್ಲಿಗೆ ಸಿಗ್ನಲ್ ಹೋಗ್ತಾನೇ ಇರ್ಲಿಲ್ಲ, ಹಾಗಾಗಿ ಮೂರು ವರ್ಷದ ಹಿಂದೆ ಒಂದು ಆಕ್ಸೆಸ್ ಪಾಯಿಂಟ್ ತಂದ್ವಿ. ಕೂರಿಸೋಕೆ ಬಂದವರು ಡಬಲ್ ಸೈಡ್ ಟೇಪ್ ಹಾಕಿ ಸೀಲಿಂಗಿಗೆ ಅಂಟಿಸಿ, "ಏನೂ ಆಗಲ್ಲ" ಅಂತ ಹೇಳಿ ಹೋದ್ರು. ಜುಲೈ ತಿಂಗಳು, ಎಡೆಬಿಡದೆ ಮಳೆ, ಗೋಡೆ ಎಲ್ಲ ಬೆವೆತ ಹಾಗೆ ತಣ್ಣಗೆ, ಒಂದು ರಾತ್ರಿ ಟೇಪು ಪೇಂಟಿನ ಪದರ ಸಮೇತ ಕಿತ್ತು ಬಂತು. ಮಗಳ ದಿಂಬಿಂದ ಒಂದು ಗೇಣು ಆಚೆ ಬಿತ್ತು. ಅರ್ಧ ಕಿಲೋ ತೂಕದ ಡಬ್ಬಿ ಒಂಬತ್ತು ಅಡಿ ಮೇಲಿಂದ ಬಿದ್ರೆ ಏನಾಗಬಹುದಿತ್ತು ಅಂತ ನೆನೆಸಿಕೊಂಡ್ರೆ ಈಗ್ಲೂ ಎದೆ ಝಲ್ ಅನ್ನುತ್ತೆ.

ಅವತ್ತಿಂದ ಈ ಕೆಲಸ ನಾನೇ ಕಲಿತೆ, ನಮ್ಮ ಬಿಲ್ಡಿಂಗಿನ ಏಳೆಂಟು ಮನೆಗೆ ಮಾಡಿಕೊಟ್ಟೆ ಕೂಡ. ಕಲಿತಿದ್ದನ್ನ ಇಲ್ಲಿ ಹೇಳ್ತೀನಿ.

ಮೊದಲಿಗೆ ಒಂದು ಮಾತು. ಆಕ್ಸೆಸ್ ಪಾಯಿಂಟ್ ಅಂದ್ರೆ ರೂಟರ್‌ನಿಂದ ವೈರಲ್ಲಿ ಬಂದ ಇಂಟರ್ನೆಟ್ಟನ್ನ ಆ ಜಾಗದಲ್ಲಿ ವೈಫೈ ಮಾಡಿ ಹರಡೋ ಡಬ್ಬಿ, ಅಷ್ಟೇ. ಪ್ಲಗ್ಗಿಗೆ ಸಿಕ್ಕಿಸೋ ರಿಪೀಟರ್ ಬೇರೆ, ಅದು ದುರ್ಬಲ ಸಿಗ್ನಲ್ಲನ್ನೇ ಹಿಡಿದು ಮತ್ತೆ ಬಿಡುತ್ತೆ, ಅದಕ್ಕೇ ಸ್ಪೀಡ್ ಕುಸಿಯುತ್ತೆ. ವೈರ್ ಎಳೆಯೋ ಕಷ್ಟ ಒಂದು ಸಲ ಪಟ್ರೆ ಆಮೇಲೆ ಆ ತೊಂದರೆ ಇಲ್ಲ.

ಜಾಗ ಯಾವುದು ಅಂತ ಮನೆ ಹೇಳುತ್ತೆ

ತುಂಬಾ ಜನ ತಪ್ಪು ಮಾಡೋದು ಇಲ್ಲೇ. ಡಬ್ಬಿ ತಂದ ತಕ್ಷಣ ಡ್ರಿಲ್ ತೆಗೀತಾರೆ. ಬೇಡ ಮಾರಾಯ್ರೇ. ಮೊದಲು ಉದ್ದದ ಒಂದು ವೈರ್ ನೆಲದ ಮೇಲೇ ಹಾಸಿ ಡಬ್ಬಿಗೆ ಕನೆಕ್ಷನ್ ಕೊಡಿ, ಅದನ್ನ ಎತ್ತರದ ಕಪಾಟಿನ ಮೇಲೋ ಏಣಿ ಮೇಲೋ ಇಟ್ಟು ನೋಡಿ. ಮನೆಯ ಎಲ್ಲ ಬಾಗಿಲೂ ಹಾಕಿ, ರಾತ್ರಿ ಮಲಗೋವಾಗ ಹೇಗಿರುತ್ತೋ ಹಾಗೆ. ಮೊಬೈಲಲ್ಲಿ ಸಿಗ್ನಲ್ ತೋರಿಸೋ ಫ್ರೀ ಆ್ಯಪ್ ಹಾಕ್ಕೊಂಡು ಮೂಲೆ ಮೂಲೆಗೂ ನಡೀರಿ. ಅಲ್ಲಿ ಬರೋ ಅಂಕಿ ಮೈನಸ್ಸಲ್ಲಿರುತ್ತೆ, ಸೊನ್ನೆಗೆ ಹತ್ತಿರ ಆದಷ್ಟೂ ಒಳ್ಳೇದು. ಮೈನಸ್ 65 ಡಿಬಿಎಂ ಆಸುಪಾಸು ಬಂದ್ರೆ ವಿಡಿಯೋ ಕಾಲ್ ಆರಾಮ, ಮೈನಸ್ 75 ದಾಟಿದ್ರೆ ಮುಖ ಅಲ್ಲಲ್ಲೇ ಹೆಪ್ಪುಗಟ್ಟಿ ನಿಲ್ಲುತ್ತೆ. ಡಬ್ಬಿ ಎರಡು ಮೂರು ಕಡೆ ಬದಲಿಸಿ ಬರೆದಿಟ್ಕೊಳ್ಳಿ. ಒಂದು ಭಾನುವಾರ ಬೆಳಿಗ್ಗೆ ಸಾಕು ಇದಕ್ಕೆ.

ನಮ್ಮ ಮುಂಬೈ ಮನೆಗಳಲ್ಲಿ ಗೋಡೆ ಯಾವ ಥರದ್ದು ಅನ್ನೋದು ಬಹಳ ಮುಖ್ಯ. ಈಗಿನ ದೊಡ್ಡ ಟವರ್‌ಗಳನ್ನ ಮಿವಾನ್ ಅಂತಾರಲ್ಲ, ಅಲ್ಯೂಮಿನಿಯಂ ಅಚ್ಚಿಟ್ಟು ಕಾಂಕ್ರೀಟ್ ಸುರಿದು ಕಟ್ತಾರೆ, ಅದರಲ್ಲಿ ರೂಮುಗಳ ನಡುವಿನ ಗೋಡೆಯೂ ಕಬ್ಬಿಣ ಹಾಕಿದ ಕಾಂಕ್ರೀಟೇ. ಹಳೇ ಮಾಟುಂಗಾ, ಮುಲುಂಡ್ ಕಡೆಯ ಇಟ್ಟಿಗೆ ಗೋಡೆ ದಪ್ಪ ಇದ್ರೂ ಸಿಗ್ನಲ್ಲನ್ನ ಸ್ವಲ್ಪ ಬಿಡುತ್ತೆ, ಈ ಕಾಂಕ್ರೀಟ್ ನುಂಗಿಬಿಡುತ್ತೆ. ವೈಫೈ ಸಾಮಾನ್ಯವಾಗಿ 2.4, 5 ಗಿಗಾಹರ್ಟ್ಸ್ ಅಂತ ಎರಡು ಬ್ಯಾಂಡಲ್ಲಿ ಬರುತ್ತೆ, ಅದರಲ್ಲಿ 5 ಗಿಗಾಹರ್ಟ್ಸ್ ಸಿಗ್ನಲ್ಲಂತೂ ಅಂಥ ಎರಡು ಗೋಡೆ ದಾಟೋದೇ ಕಷ್ಟ. ಹಾಗಾಗಿ ಮಿವಾನ್ ಮನೆ ಆದ್ರೆ ರೂಮುಗಳ ಬಾಗಿಲು ತೆರೆಯೋ ಪ್ಯಾಸೇಜ್ ಇರುತ್ತಲ್ಲ, ಅದರ ಸೀಲಿಂಗು ನನ್ನ ಮೊದಲ ಆಯ್ಕೆ, ಯಾಕಂದ್ರೆ ಮರದ ಬಾಗಿಲು ಸಿಗ್ನಲ್ಲಿಗೆ ಅಡ್ಡಿ ಅಲ್ವೇ ಅಲ್ಲ ಅನ್ನಬಹುದು.

ಬೇಡದ ಜಾಗಗಳೂ ಇವೆ. ಫ್ರಿಜ್ಜು, ಸ್ಟೀಲ್ ಕಪಾಟು, ಕನ್ನಡಿ ಬಾಗಿಲಿನ ವಾರ್ಡ್‌ರೋಬ್, ಬಾತ್‌ರೂಮ್ ಮೇಲಿನ ಲಾಫ್ಟಲ್ಲಿ ಕೂತಿರೋ ನೀರಿನ ಟ್ಯಾಂಕು, ಇವುಗಳ ಪಕ್ಕ ಬೇಡ. ಮೈಕ್ರೋವೇವ್ ಓವನ್ ಕೆಲಸ ಮಾಡೋದು 2.45 ಗಿಗಾಹರ್ಟ್ಸಲ್ಲಿ, ವೈಫೈಯ ಒಂದು ಬ್ಯಾಂಡೂ ಅಲ್ಲೇ, ಅದು ಓಡೋವಾಗ ಹತ್ತಿರದ ವೈಫೈ ತಡವರಿಸುತ್ತೆ. ಫ್ಯಾನಿನ ರೆಕ್ಕೆಯಿಂದ ಒಂದು ತೋಳಿನಷ್ಟಾದ್ರೂ ದೂರ ಇರ್ಲಿ. ಮಲಗೋ ಮಂಚದ ನೇರ ಮೇಲೆ, ತೊಟ್ಟಿಲ ಮೇಲೆ ಯಾವತ್ತೂ ಬೇಡ, ಎಷ್ಟೇ ಗಟ್ಟಿಯಾಗಿ ಕೂರಿಸಿದ್ರೂ. ಮೇಲಿನ ಮನೆಯವರ ಬಾತ್‌ರೂಮ್ ಕೆಳಗಿನ ಸೀಲಿಂಗಂತೂ ಮುಟ್ಟಲೇಬೇಡಿ, ಅಲ್ಲಿ ಪೈಪ್ ಇರುತ್ತೆ, ವಾಟರ್‌ಪ್ರೂಫಿಂಗ್ ಇರುತ್ತೆ, ಒಂದು ತೂತು ಹೊಡೆದ್ರೆ ನಿಮ್ಮ ಮನೆಗೂ ಸೋರುತ್ತೆ, ಮೇಲಿನವರ ಜೊತೆ ಜಗಳವೂ ಶುರು.

ದುಂಡಗೆ ತಟ್ಟೆ ಥರ ಇರೋ ಸೀಲಿಂಗ್ ಡಬ್ಬಿಗಳು ಸಿಗ್ನಲ್ಲನ್ನ ಛತ್ರಿ ಹಾಗೆ ಕೆಳಕ್ಕೂ ಸುತ್ತಕ್ಕೂ ಹರಡೋ ಹಾಗೆ ಮಾಡಿರೋವು. ಅಂಥದ್ದನ್ನ ಗೋಡೆಗೆ ಹೊಡೆದ್ರೆ ಛತ್ರಿಯನ್ನ ಪಕ್ಕಕ್ಕೆ ಹಿಡಿದ ಹಾಗೆ, ಒಂದಷ್ಟು ಸಿಗ್ನಲ್ ಮೇಲಿನ ಮನೆಗೂ ಕೆಳಗಿನ ಮನೆಗೂ ಹೋಗುತ್ತೆ. ಗೋಡೆಗೇ ಬೇಕು ಅಂದ್ರೆ ಗೋಡೆಗೆ ಅಂತಲೇ ಮಾಡಿದ ಮಾಡೆಲ್ ತನ್ನಿ.

ವೈರು

ಸೀಲಿಂಗ್ ತನಕ ಕರೆಂಟಿನ ಪ್ಲಗ್ ಪಾಯಿಂಟ್ ಮಾಡಿಸೋದು ಬೇಡ, ಎಕ್ಸ್‌ಟೆನ್ಷನ್ ಬಾಕ್ಸ್ ನೇತಾಡಿಸೋದಂತೂ ಬೇಡವೇ ಬೇಡ. ಪಿಓಇ (ಪವರ್ ಓವರ್ ಈಥರ್ನೆಟ್) ಇರೋ ಡಬ್ಬಿ ತಗೊಳ್ಳಿ. ಇಂಟರ್ನೆಟ್ಟು, ಕರೆಂಟು ಎರಡೂ ಒಂದೇ ನೆಟ್‌ವರ್ಕ್ ವೈರಲ್ಲಿ ಬರುತ್ತೆ, ಅದೂ 48 ವೋಲ್ಟ್ ಆಸುಪಾಸಿನ ಡಿಸಿ ಕರೆಂಟು, ಗೋಡೆಯ 230 ವೋಲ್ಟ್ ಅಲ್ಲ. ರೂಟರ್ ಪಕ್ಕ ಇಂಜೆಕ್ಟರ್ ಅನ್ನೋ ಪುಟ್ಟ ಅಡಾಪ್ಟರ್ ಇಟ್ರೆ ಆಯ್ತು. ಅದರಲ್ಲಿ ಎರಡು ತೂತು: ಲ್ಯಾನ್ ಅಂತ ಬರೆದಿದ್ದಕ್ಕೆ ರೂಟರ್ ವೈರು, ಪಿಓಇ ಅಂತ ಬರೆದಿದ್ದಕ್ಕೆ ಸೀಲಿಂಗಿಗೆ ಹೋಗೋ ವೈರು. ಅದಲು ಬದಲು ಮಾಡಬೇಡಿ. ಡಬ್ಬಿ ಯಾವ ಸ್ಟ್ಯಾಂಡರ್ಡ್ ಕೇಳುತ್ತೆ ಅಂತ ಹಿಂಭಾಗದಲ್ಲಿ ಬರೆದಿರುತ್ತೆ. 802.3ಎಎಫ್ ಅಂದ್ರೆ 15.4 ವ್ಯಾಟ್ ತನಕ ಕೊಡೋ ಇಂಜೆಕ್ಟರ್, 802.3ಎಟಿ ಅಂದ್ರೆ 30 ವ್ಯಾಟ್ ತನಕದ್ದು. ಕೆಲವು ಹಳೇ ಮಾಡೆಲ್ಲುಗಳು 24 ವೋಲ್ಟಿನ ಪ್ಯಾಸಿವ್ ಪಿಓಇ ಬಳಸ್ತವೆ, ಆ ಇಂಜೆಕ್ಟರ್ ಕೇಳದೆ ನೋಡದೆ ಕರೆಂಟ್ ತಳ್ಳುತ್ತೆ, ಬೇರೆ ಸಾಮಾನಿಗೆ ಸಿಕ್ಕಿಸಿದ್ರೆ ಸುಟ್ಟೇ ಹೋಗಬಹುದು. ಬಾಕ್ಸಲ್ಲಿ ಬಂದಿದ್ದನ್ನೇ ಬಳಸಿ.

ವೈರ್ ಕ್ಯಾಟ್ 6, ಶುದ್ಧ ತಾಮ್ರದ್ದು. ಗ್ರ್ಯಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋದ್ರೆ ಮೀಟರ್ ಲೆಕ್ಕದಲ್ಲಿ ಕೊಡ್ತಾರೆ. ಆದರೆ ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪ ಮಾಡಿದ ಸಿಸಿಎ ವೈರೂ ಅಲ್ಲೇ ಅರ್ಧ ರೇಟಿಗೆ ಸಿಗುತ್ತೆ. ಅಂಗಡಿಯಲ್ಲೇ ಒಂದು ಎಳೆ ತೆಗೆಸಿ ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಅದು ಅಲ್ಯೂಮಿನಿಯಂ, ವಾಪಸ್ ಕೊಡಿ. ಪಿಓಇಗೆ ಆ ವೈರ್ ಬಿಸಿ ಆಗುತ್ತೆ, ವೋಲ್ಟೇಜೂ ದಾರಿಯಲ್ಲೇ ಇಳಿಯುತ್ತೆ.

ವೈರ್ ಎಳೆಯೋವಾಗ ಕರೆಂಟ್ ವೈರ್ ಇರೋ ಪೈಪಲ್ಲಿ ಇದನ್ನ ತುರುಕಬೇಡಿ, ಎಷ್ಟು ಸುಲಭ ಅನ್ನಿಸಿದ್ರೂ. ಒಂದು ವೈರಿನ ಕವಚ ಸವೆದ್ರೆ 230 ವೋಲ್ಟ್ ನಿಮ್ಮ ಡಬ್ಬಿಗೂ, ಅದನ್ನ ಮುಟ್ಟಿದ ಕೈಗೂ ಬರುತ್ತೆ. ಬದಲಿಗೆ ವೈರನ್ನ ಒಳಗಿಟ್ಟು ಮುಚ್ಚೋ ಬಿಳಿ ಪಿವಿಸಿ ಕೇಸಿಂಗ್ ಕ್ಯಾಪಿಂಗ್ ಪಟ್ಟಿ ಲೋಹಾರ್ ಚಾಳ್ ಕಡೆ ಬೇಕಾದಷ್ಟು ಸಿಗುತ್ತೆ, ಗೋಡೆ ಸೀಲಿಂಗ್ ಸೇರೋ ಮೂಲೆಯಲ್ಲೇ ಹೊಡೆದ್ರೆ ಕಣ್ಣಿಗೂ ಬೀಳಲ್ಲ. ಕರೆಂಟ್ ವೈರನ್ನ ದಾಟಲೇಬೇಕು ಅಂದ್ರೆ ಅಡ್ಡಡ್ಡ ದಾಟಿಸಿ. ಮೂಲೆಯಲ್ಲಿ ವೈರನ್ನ ಮಡಚಬೇಡಿ, ಒಂದು ಇಂಚಿನಷ್ಟು ದುಂಡಗೆ ತಿರುಗಿಸಿ. ಡಬ್ಬಿ ಹತ್ತಿರ ಒಂದಡಿ ವೈರ್ ಜಾಸ್ತಿ ಬಿಡಿ.

ತುದಿಗೆ ಕನೆಕ್ಟರ್ ಹಾಕೋರು ಎರಡೂ ಕಡೆ ಒಂದೇ ಕ್ರಮ ಇಡಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎಂಟರಲ್ಲಿ ಒಂದು ಎಳೆ ಸರಿಯಾಗಿ ಕೂರದಿದ್ರೂ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100 ಎಂಬಿಪಿಎಸ್ಸಿಗೆ ಬಂದು ನಿಲ್ಲಬಹುದು, ಜನ ಅದಕ್ಕೆ ಡಬ್ಬಿಯನ್ನ ಬೈತಾರೆ.

ಡ್ರಿಲ್ ಹೊಡೆಯೋ ದಿನ

ನಮ್ಮ ಸೊಸೈಟಿಯಲ್ಲಿ ಮಧ್ಯಾಹ್ನ 2ರಿಂದ 4ರ ತನಕ ಡ್ರಿಲ್ ಹೊಡೆಯೋ ಹಾಗಿಲ್ಲ, ನಿಮ್ಮಲ್ಲೂ ಕೇಳ್ಕೊಳ್ಳಿ. ಒಬ್ಬರೇ ಮಾಡಬೇಡಿ. ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕುರ್ಚಿ ಇಟ್ಟು ಹತ್ತೋರನ್ನ ನಾನು ನೋಡಿದ್ದೀನಿ, ಕೈ ಮುಗಿದು ಕೇಳ್ತೀನಿ, ಬೇಡ. ಪೇಂಟರ್‌ಗಳು ತರ್ತಾರಲ್ಲ, ಎರಡೂ ಕಡೆ ಕಾಲು ಚಾಚೋ ಘೋಡಾ, ಅದನ್ನ ವಾಚ್‌ಮನ್ ಹತ್ರ ಕೇಳಿದ್ರೆ ಸಾಮಾನ್ಯವಾಗಿ ಸಿಗುತ್ತೆ. ಕೊನೇ ಮೆಟ್ಟಿಲ ಮೇಲೆ ನಿಲ್ಲಬೇಡಿ, ಕೆಳಗೆ ಒಬ್ಬರು ಹಿಡ್ಕೊಂಡಿರ್ಲಿ.

ಆ ರೂಮಿನ ಎಂಸಿಬಿ ಇಳಿಸಿ, ಪಕ್ಕದ ರೂಮಿಂದ ಡ್ರಿಲ್ಲಿಗೆ ಕರೆಂಟ್ ತಗೊಳ್ಳಿ. ಗೋಡೆಯೊಳಗಿನ ವೈರು ಸಾಮಾನ್ಯವಾಗಿ ಸ್ವಿಚ್ ಬೋರ್ಡಿಂದ ನೇರ ಮೇಲಕ್ಕೆ ಹೋಗಿ ಸೀಲಿಂಗಲ್ಲಿ ಫ್ಯಾನು, ಲೈಟಿನ ಕಡೆ ಹೋಗಿರುತ್ತೆ, ಆ ದಾರಿಯನ್ನ ಬಿಟ್ಟು ಬಿಡಿ. ಬೀಮಿಗೂ ಹೊಡೆಯಬೇಡಿ. ಡಬ್ಬಿಯನ್ನ ಹಿಡಿದಿಡೋ ಬ್ರ್ಯಾಕೆಟ್ಟನ್ನ ಸೀಲಿಂಗಿಗೆ ಹಿಡಿದು ತೂತಿನ ಗುರುತು ಮಾಡಿ. 6 ಎಂಎಂ ಬಿಟ್ ಹಾಕಿ, ಬಿಟ್ಟಿನ ತುದಿಯಿಂದ 30 ಎಂಎಂಗೆ ಬಣ್ಣದ ಟೇಪ್ ಸುತ್ತಿ, ಟೇಪ್ ಸೀಲಿಂಗ್ ಮುಟ್ಟಿದ ಕೂಡಲೇ ನಿಲ್ಲಿಸಿ. ಸ್ಲ್ಯಾಬಿನ ಕಬ್ಬಿಣ ಹೆಚ್ಚು ಆಳದಲ್ಲಿರಲ್ಲ, ಬಿಟ್ ಟಣ್ ಅಂತ ನಿಂತ್ರೆ ಒತ್ತಬೇಡಿ, ಬ್ರ್ಯಾಕೆಟ್ ಒಂದಿಷ್ಟು ತಿರುಗಿಸಿ ಬೇರೆ ಕಡೆ ಹೊಡೀರಿ. ಹಳೇ ಐಸ್‌ಕ್ರೀಮ್ ಡಬ್ಬಿಯ ತಳಕ್ಕೆ ತೂತು ಮಾಡಿ ಬಿಟ್ಟಿಗೆ ಪೋಣಿಸಿದ್ರೆ ಪುಡಿಯೆಲ್ಲ ಅದರಲ್ಲೇ ಬೀಳುತ್ತೆ, ಆದ್ರೂ ಕನ್ನಡಕ ಬೇಕು, ತಲೆ ಎತ್ತಿ ಮಾಡೋ ಕೆಲಸ, ಸಿಮೆಂಟ್ ಪುಡಿ ಸೀದಾ ಕಣ್ಣಿಗೇ.

ತೂತಿನ ಪುಡಿ ಪೂರ್ತಿ ಊದಿ ತೆಗೀರಿ, ಬಾಯಲ್ಲಲ್ಲ, ಹಳೇ ಸಿರಿಂಜ್ ಇದ್ರೆ ಅದರಲ್ಲಿ. ಪುಡಿ ಉಳಿದ್ರೆ ಗಿಟ್ಟಿ, ಅಂದ್ರೆ ಸ್ಕ್ರೂ ಹಿಡಿಯೋಕೆ ತೂತಿಗೆ ಹಾಕೋ ಪ್ಲಾಸ್ಟಿಕ್ ಬೆಣೆ, ಗಟ್ಟಿ ಕೂರಲ್ಲ. ಗಿಟ್ಟಿ ಕೈಯಲ್ಲೇ ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ತೂತು ದೊಡ್ಡದಾಗಿದೆ ಅಂತ ಅರ್ಥ, ಸುತ್ತಿಗೆಯಲ್ಲಿ ಮೆಲ್ಲಗೆ ಎರಡು ಮೂರು ಏಟು ಕೊಡೋ ಹಾಗಿರಬೇಕು. ಬೆಂಕಿಕಡ್ಡಿ ತುರುಕಿ ಸರಿ ಮಾಡೋದು ಸೀಲಿಂಗಲ್ಲಿ ನಡೆಯಲ್ಲ, ಗೋಡೆಯಲ್ಲಿ ತೂಕ ಸ್ಕ್ರೂ ಮೇಲೆ ಕೂತಿರುತ್ತೆ, ಇಲ್ಲಿ ಅದನ್ನ ಸದಾ ಕೆಳಕ್ಕೆ ಎಳೀತಾ ಇರುತ್ತೆ. ಬ್ರ್ಯಾಕೆಟ್ ಬಿಗಿದ ಮೇಲೆ ಡಬ್ಬಿ ಹಾಕೋ ಮುಂಚೆ ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಿ. ಆಮೇಲೆ ವೈರ್ ಸಿಕ್ಕಿಸಿ, ಡಬ್ಬಿಯನ್ನ ಗುರುತಿಗೆ ಸರಿಯಾಗಿಟ್ಟು ತಿರುಗಿಸಿ, ಕಟ್ ಅಂತ ಶಬ್ದ ಬರಬೇಕು. ಶಬ್ದ ಬರಲಿಲ್ಲ ಅಂದ್ರೆ ಕೂತಿಲ್ಲ.

ಪಿಓಪಿ ಅಥವಾ ಜಿಪ್ಸಮ್ ಫಾಲ್ಸ್ ಸೀಲಿಂಗ್ ಇದ್ರೆ ಲೆಕ್ಕ ಬೇರೆ. ಆ ಹಲಗೆಗೆ ಮಾಮೂಲಿ ಗಿಟ್ಟಿ ಹಿಡಿಯಲ್ಲ. ಒಳಗಿನ ಕಬ್ಬಿಣದ ಚಾನಲ್ ಎಲ್ಲಿದೆ ಅಂತ ಒಂದು ಅಯಸ್ಕಾಂತ ಆಡಿಸಿ ಹುಡುಕಿ ಅದಕ್ಕೇ ಸ್ಕ್ರೂ ಹಾಕಿ, ಸಿಗದಿದ್ರೆ ಒಳಗೆ ಹೋಗಿ ರೆಕ್ಕೆ ಬಿಚ್ಚಿಕೊಳ್ಳೋ ಬಟರ್‌ಫ್ಲೈ ಗಿಟ್ಟಿ ಹಾಕಿ. ಇದರ ಜೊತೆ ತೆಳ್ಳಗಿನ ಸ್ಟೀಲ್ ತಂತಿಯೊಂದನ್ನ ಬ್ರ್ಯಾಕೆಟ್ಟಿಂದ ಮೇಲಿನ ಸ್ಲ್ಯಾಬಿನ ಹುಕ್ಕಿಗೆ ಕಟ್ಟಿ, ಹಲಗೆ ಬಿರಿದ್ರೂ ಡಬ್ಬಿ ತಲೆ ಮೇಲೆ ಬರಲ್ಲ. ಚಂದ ಕಾಣ್ಲಿ ಅಂತ ಡಬ್ಬಿಯನ್ನೇ ಫಾಲ್ಸ್ ಸೀಲಿಂಗ್ ಒಳಗೆ ಬಚ್ಚಿಡೋರಿದ್ದಾರೆ. ಅಲ್ಲಿ ಗಾಳಿ ಆಡಲ್ಲ, ಮನೆ ಬಳಕೆಯ ಹೆಚ್ಚಿನ ಡಬ್ಬಿಗಳಿಗೆ ಸುತ್ತಲಿನ ಬಿಸಿ 40 ಡಿಗ್ರಿ ದಾಟಬಾರದು ಅಂತ ಮ್ಯಾನ್ಯುಯಲ್ಲಲ್ಲೇ ಇರುತ್ತೆ.

ಹಳೇ ಬಿಲ್ಡಿಂಗಿನವರಿಗೆ ಒಂದು ಮಾತು: ಸ್ಲ್ಯಾಬಲ್ಲಿ ಬಿರುಕು ಬಿಟ್ಟು ತುಕ್ಕು ಹಿಡಿದ ಸರಳು ಕಾಣ್ತಿದ್ರೆ, ಬಡಿದ್ರೆ ಡೊಬ್ ಡೊಬ್ ಅಂತ ಪೊಳ್ಳು ಶಬ್ದ ಬಂದ್ರೆ, ಅಲ್ಲಿ ಡ್ರಿಲ್ ಹೊಡೆಯಲೇಬೇಡಿ. ಗೋಡೆ ಡಬ್ಬಿ ತಗೊಳ್ಳಿ, ಸೊಸೈಟಿಗೂ ತಿಳಿಸಿ.

ಸೆಟ್ಟಿಂಗು

ಇದು ಬೇಗ ಮುಗಿಯುತ್ತೆ. ಡಬ್ಬಿಯನ್ನ ಆಕ್ಸೆಸ್ ಪಾಯಿಂಟ್ ಮೋಡಲ್ಲಿ ಇಡಿ, ಐಪಿ ಅಡ್ರೆಸ್ ಹಂಚೋ ಡಿಎಚ್‌ಸಿಪಿ ಕೆಲಸ ರೂಟರ್ ಒಂದೇ ಮಾಡ್ಲಿ, ಇಬ್ಬರು ಹಂಚೋಕೆ ಹೋದ್ರೆ ಫೋನಿಗೆ ಇಂಟರ್ನೆಟ್ ಬರ್ತಾ ಹೋಗ್ತಾ ಇರುತ್ತೆ. ದೇಶ ಇಂಡಿಯಾ ಅಂತ ಆರಿಸಿ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿ, ಸೆಕ್ಯುರಿಟಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3. ನಮ್ಮ ಬಿಲ್ಡಿಂಗಲ್ಲಿ ನಿಂತ ಜಾಗದಲ್ಲೇ ಇಪ್ಪತ್ತು ಮನೆ ವೈಫೈ ಕಾಣುತ್ತೆ, ಹಾಗಾಗಿ 2.4 ಗಿಗಾಹರ್ಟ್ಸಲ್ಲಿ ಚಾನಲ್ 1, 6, 11 ಈ ಮೂರರಲ್ಲಿ ಯಾವುದು ಖಾಲಿ ಅಂತ ಆ್ಯಪಲ್ಲಿ ನೋಡಿ ಅದನ್ನೇ ಹಾಕಿ, ಈ ಮೂರು ಮಾತ್ರ ಒಂದಕ್ಕೊಂದು ತಾಗಲ್ಲ. ರೂಟರ್‌ಗೂ ಇದಕ್ಕೂ ಹೆಸರು, ಪಾಸ್‌ವರ್ಡ್ ಒಂದೇ ಇಟ್ಟು ಚಾನಲ್ ಬೇರೆ ಬೇರೆ ಇಡಿ. ಪವರ್ ಹೈ ಇಡೋ ಆಸೆ ಬೇಡ, ಮೀಡಿಯಂ ಸಾಕು. ಡಬ್ಬಿ ಜೋರಾಗಿ ಕೂಗಿದ್ರೂ ಫೋನಿನ ಸಣ್ಣ ದನಿ ಅದಕ್ಕೆ ಕೇಳಬೇಕಲ್ಲ, ಅದೂ ಅಲ್ದೆ ಫೋನು ದೂರದ ಡಬ್ಬಿಗೇ ಅಂಟಿಕೊಂಡು ಹತ್ತಿರದ್ದಕ್ಕೆ ಬರಲ್ಲ.

ಹೋದ ತಿಂಗಳು ಎದುರುಮನೆ ಅಕ್ಕನಿಗೆ ಹೀಗೇ ಪ್ಯಾಸೇಜಲ್ಲಿ ಕೂರಿಸಿಕೊಟ್ಟೆ. ಅವರು ಅಡುಗೆಮನೆಯಲ್ಲಿ ನೀರ್ದೋಸೆ ಹುಯ್ಯುತ್ತಾ ಕುಂದಾಪುರದ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ, "ಅಮ್ಮ, ಈಗ ಕಾಣ್ತಾ?" ಅಂತ ಕಾವಲಿಯನ್ನೇ ತೋರಿಸಿದ್ರು. ಬೆಡ್‌ರೂಮಿಗೆ ಹೋದ್ರೂ ಕಾಲ್ ಕಟ್ ಆಗಲಿಲ್ಲ. ಅವರಿಗೂ ಹೇಳಿ ಬಂದಿದ್ದೀನಿ, ನಿಮಗೂ ಹೇಳ್ತೀನಿ: ಮೇ ಕೊನೆಗೆ, ಮಳೆ ಹಿಡಿಯೋ ಮುಂಚೆ ಒಂದು ಸಲ ಏಣಿ ಹಾಕಿ ಸ್ಕ್ರೂ ಸಡಿಲ ಆಗಿದ್ಯಾ ಅಂತ ಅಲ್ಲಾಡಿಸಿ ನೋಡಿ. ಮಳೆಗಾಲದಲ್ಲಿ ಡಬ್ಬಿ ಸುತ್ತ ಸೀಲಿಂಗಲ್ಲಿ ಹಳದಿ ತೇವದ ಕಲೆ ಕಂಡ್ರೆ ಕಾಯಬೇಡಿ, ಇಂಜೆಕ್ಟರ್ ಆಫ್ ಮಾಡಿ ಡಬ್ಬಿ ಕೆಳಗಿಳಿಸಿ, ಸೋರೋದು ನಿಂತು ಸ್ಲ್ಯಾಬ್ ಒಣಗೋ ತನಕ ಕಪಾಟಿನ ಮೇಲಿಟ್ಟೇ ನಡೆಸಿ.